'ಇ' ಸಂಖ್ಯೆಯ ಮಿತಿ ವ್ಯಾಖ್ಯೆಯನ್ನು ಸಾಧಿಸುವುದು ಹೇಗೆ: ಹಂತ ಹಂತವಾಗಿ, ಮುಗ್ಗರಿಸುವ ಜಾಗಗಳ ಸಮೇತ

ಬಳ್ಳಾರಿಯಲ್ಲಿ ಬಿ.ಎಸ್ಸಿ. ಹುಡುಗರಿಗೆ ಸಂಜೆ ಹೊತ್ತು ಗಣಿತ ಹೇಳಿಕೊಡುತ್ತೇನೆ. ಸಿರುಗುಪ್ಪ, ಕಂಪ್ಲಿ, ಸಂಡೂರು ಕಡೆಯಿಂದ ಬಸ್ಸಿಗೆ ಬರುವವರೇ ಜಾಸ್ತಿ. ಲೆಕ್ಕ ಬಿಡಿಸುವುದರಲ್ಲಿ ಯಾರೂ ಕಮ್ಮಿ ಇಲ್ಲ. ಆದರೆ "ಎನ್ ಅನಂತಕ್ಕೆ ಹೋದಾಗ (1 + 1/ಎನ್)^ಎನ್ ಎಂಬುದರ ಮಿತಿ ಇ ಎಂದು ಸಾಧಿಸಿ" (ಮಿತಿ ಅಂದರೆ ಲಿಮಿಟ್, ಇ ಅಂದರೆ ಸುಮಾರು 2.718 ಬೆಲೆಯ e) ಅನ್ನುವ ಪ್ರಶ್ನೆ ಬಂದರೆ ಪ್ರತಿ ಬ್ಯಾಚಿನಲ್ಲೂ ಅದದೇ ಜಾಗದಲ್ಲಿ ಬೀಳುತ್ತಾರೆ. ಸಾಲುಗಳು ಬಾಯಿಪಾಠ ಇರುತ್ತವೆ. ಯಾವ ಸಾಲು ಯಾವುದಕ್ಕಿಂತ ಮೊದಲು ಬರಬೇಕು ಅನ್ನುವುದು ಗೊತ್ತಿರುವುದಿಲ್ಲ.

ಇದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಮಿತಿ ಅನ್ನುವುದು ಇದೆ ಅಂತ ತೋರಿಸುವುದು ಒಂದು. ಆ ಮಿತಿ, ನೀವು 'ಇ' ಅಂತ ಕರೆಯುವ ಸಂಖ್ಯೆಯೇ ಅಂತ ತೋರಿಸುವುದು ಇನ್ನೊಂದು. ಇವೆರಡನ್ನು ಒಂದೇ ಉಸಿರಿನಲ್ಲಿ ಮುಗಿಸಲು ಹೋದವರು, ಸಾಧಿಸಬೇಕಾದ್ದನ್ನೇ ನಡುವೆ ಎಲ್ಲೋ ಒಂದು ಕಡೆ ಬಳಸಿಬಿಟ್ಟಿರುತ್ತಾರೆ. ಅವರಿಗೇ ಅದು ಗೊತ್ತಾಗಿರುವುದಿಲ್ಲ.

## ಕೈಯಲ್ಲಿ ಏನೇನು ಇರಬೇಕು

ದ್ವಿಪದ ಪ್ರಮೇಯ, ಅಂದರೆ (ಎ + ಬಿ)^ಎನ್ ಅನ್ನು ಬಿಡಿಸುವ ಸೂತ್ರ ಬೇಕು. ಗುಣೋತ್ತರ ಶ್ರೇಢಿಯ ಮೊತ್ತ ಬೇಕು, ಪಿಯುಸಿಯಲ್ಲಿ ಓದಿದ್ದೇ ಸಾಕು. ಸ್ಯಾಂಡ್‌ವಿಚ್ ಪ್ರಮೇಯ ಬೇಕು: ಎರಡು ತುದಿಯೂ ಒಂದೇ ಮಿತಿಗೆ ಹೋದರೆ ನಡುವೆ ಸಿಕ್ಕಿದ್ದೂ ಅಲ್ಲಿಗೇ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಮೊನೊಟೋನ್ ಕನ್ವರ್ಜೆನ್ಸ್ ಥಿಯರಂ ಬೇಕು: ಏರುತ್ತಲೇ ಹೋಗುವ ಅನುಕ್ರಮಕ್ಕೆ ಮೇಲೊಂದು ಗಡಿ ಇದ್ದರೆ ಅದಕ್ಕೆ ಮಿತಿ ಇದ್ದೇ ಇರುತ್ತದೆ.

ಲೋಪಿಟಾಲ್ ನಿಯಮ (0/0 ಥರದ ಮಿತಿಗೆ ಮೇಲೆ ಕೆಳಗೆ ಡಿರಿವೇಟಿವ್ ತೆಗೆಯುವುದು) ಬೇಡ. ಡಿರಿವೇಟಿವ್ (ಬದಲಾವಣೆಯ ದರ) ಬೇಡ. ಯಾಕೆ ಬೇಡ ಅಂತ ಮುಂದೆ ಹೇಳುತ್ತೇನೆ, ಸದ್ಯಕ್ಕೆ ಅವನ್ನು ಪಕ್ಕಕ್ಕಿಡಿ.

## ಹಂತ 1: 'ಇ' ಅಂದರೆ ಯಾವುದು ಅಂತ ಮೊದಲ ಸಾಲಿನಲ್ಲೇ ಬರೆಯಿರಿ

ಪುಸ್ತಕದಿಂದ ಪುಸ್ತಕಕ್ಕೆ 'ಇ'ಯ ವ್ಯಾಖ್ಯೆ ಬೇರೆ ಇರುತ್ತದೆ. ಮೂರು ಮುಖ್ಯ.

ಮೊದಲನೆಯದು, ಈ ಮಿತಿಯೇ 'ಇ'. ಹಾಗಿದ್ದರೆ ಮಿತಿ ಇದೆ ಅಂತ ತೋರಿಸಿದರೆ ಕೆಲಸ ಮುಗಿಯಿತು, ಹಂತ 5ಕ್ಕೆ ಪೆನ್ ಕೆಳಗಿಡಬಹುದು.

ಎರಡನೆಯದು, 1 + 1/1! + 1/2! + 1/3! + … ಅನ್ನುವ ಸರಣಿಯ ಮೊತ್ತವೇ 'ಇ' (3! ಅಂದರೆ 1 × 2 × 3, ಹೀಗೆ). ಆಗ ಹಂತ 6 ಕೂಡ ಬೇಕು. ಪ್ರಶ್ನೆಪತ್ರಿಕೆ ಏನೂ ಹೇಳದಿದ್ದರೆ ಇದನ್ನೇ ಹಿಡಿಯಿರಿ, ಯಾಕಂದರೆ ಇದನ್ನು ಸಾಧಿಸಿದವರಿಗೆ ಮೊದಲನೆಯದೂ ಜೊತೆಯಲ್ಲೇ ಸಿಕ್ಕಿರುತ್ತದೆ.

ಮೂರನೆಯದು, 1/ಟಿ ವಕ್ರರೇಖೆಯ ಕೆಳಗೆ 1ರಿಂದ ಶುರುಮಾಡಿ ಎಲ್ಲಿಗೆ ಹೋದರೆ ವಿಸ್ತೀರ್ಣ ಸರಿಯಾಗಿ 1 ಆಗುತ್ತದೋ ಆ ಸಂಖ್ಯೆ 'ಇ'. ಇದಕ್ಕೆ ಬೇರೆಯೇ ಒಂದು ಹತ್ತಿರದ ದಾರಿ ಇದೆ, ಹಂತ 8 ನೋಡಿ.

ವ್ಯಾಖ್ಯೆ ಬರೆಯದೆ ನೇರ ಲೆಕ್ಕಕ್ಕೆ ಇಳಿದ ಉತ್ತರ ನೋಡಿದರೆ ನನಗೆ ಅಲ್ಲೇ ಅನುಮಾನ ಶುರುವಾಗುತ್ತದೆ.

## ಹಂತ 2: ನಾಲ್ಕು ಬೆಲೆ ಹಾಕಿ ನೋಡಿ, ಆದರೆ ಅದನ್ನೇ ಸಾಧನೆ ಅನ್ನಬೇಡಿ

(1 + 1/ಎನ್)^ಎನ್ ಅನ್ನು ಎ(ಎನ್) ಅಂತ ಕರೆಯೋಣ. ಎ(1) = 2. ಎ(2) = 2.25. ಎ(4) = 2.4414. ಎ(10) = 2.5937. ಎ(100) = 2.7048. ಎ(1000) = 2.7169. ಏರುತ್ತಿದೆ, ಆದರೆ ಏರುವ ವೇಗ ಕಮ್ಮಿಯಾಗುತ್ತಿದೆ. ಇಷ್ಟು ಕಣ್ಣಿಗೆ ಬಿದ್ದರೆ ಮುಂದೆ ಏನು ಸಾಧಿಸಬೇಕು ಅನ್ನುವುದು ತಾನಾಗಿಯೇ ಹೊಳೆಯುತ್ತದೆ.

ಇಲ್ಲೇ ಮೊದಲ ಗುಂಡಿ ಇದೆ. "ಸರ, ಎನ್ ದೊಡ್ಡದಾದರೆ 1/ಎನ್ ಸೊನ್ನೆ ಆಗ್ತದ. ಒಳಗೆ ಒಂದು ಉಳೀತು. ಒಂದನ್ನ ಎಷ್ಟು ಸಲ ಗುಣಿಸಿದ್ರೂ ಒಂದೇ ಅಲ್ರೀ?" ಅಂತ ಕೇಳುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಒಳ್ಳೆಯ ಪ್ರಶ್ನೆ. ತೊಂದರೆ ಏನೆಂದರೆ, ಆವರಣದ ಒಳಗಿನ ಎನ್ ಮತ್ತು ಮೇಲಿನ ಘಾತದ ಎನ್ ಒಂದೇ. ಒಳಗಿನದನ್ನು ಮಾತ್ರ ಅನಂತಕ್ಕೆ ಕಳಿಸಿ ಮೇಲಿನದನ್ನು ಕಾಯಿಸಿ ನಿಲ್ಲಿಸಲು ಬರುವುದಿಲ್ಲ. ಎನ್ ಯಾವುದೇ ಇರಲಿ, ಒಳಗೆ 1ಕ್ಕಿಂತ ಚೂರು ಜಾಸ್ತಿಯೇ ಇರುತ್ತದೆ, ಆ ಸಂಖ್ಯೆಯನ್ನು ಎನ್ ಸಲ ಗುಣಿಸುತ್ತಿದ್ದೇವೆ. ಉತ್ತರಪತ್ರಿಕೆಯಲ್ಲಿ "1ರ ಘಾತ ಅನಂತ = 1" ಅಂತ ಬರೆದರೆ ಮುಂದಿನದನ್ನು ಯಾರೂ ಓದುವುದಿಲ್ಲ.

ಕಂಪ್ಯೂಟರನ್ನೂ ಪೂರ್ತಿ ನಂಬಬೇಡಿ. ಪೈಥಾನಿನಲ್ಲಿ ಎನ್ ಬದಲು 10^15 ಹಾಕಿ ನೋಡಿ, ಸುಮಾರು 3.035 ಬರುತ್ತದೆ! 10^16 ಹಾಕಿದರೆ ಸರಿಯಾಗಿ 1.0 ಬರುತ್ತದೆ. ಗಣಿತ ಕೆಟ್ಟಿಲ್ಲ. ಯಂತ್ರ ಒಂದು ಸಂಖ್ಯೆಗೆ ಸುಮಾರು 16 ಅಂಕಿಗಳನ್ನಷ್ಟೇ ನೆನಪಿಡುತ್ತದೆ. ಹಾಗಾಗಿ 1ಕ್ಕೆ ಅಷ್ಟು ಸಣ್ಣದನ್ನು ಕೂಡಿಸಿದಾಗ ಅದು ಬಾಲವನ್ನು ಕತ್ತರಿಸಿ ಹಾಕುತ್ತದೆ, ಘಾತ ಆ ತಪ್ಪನ್ನೇ ಹಿಗ್ಗಿಸುತ್ತದೆ.

## ಹಂತ 3: ದ್ವಿಪದ ಪ್ರಮೇಯದಿಂದ ಬಿಡಿಸಿ, ಆಮೇಲೆ ಪದವನ್ನು ಜೋಡಿಸಿ

ಬಿಡಿಸುವುದು ಎಲ್ಲರಿಗೂ ಬರುತ್ತದೆ. ಬಿಡಿಸಿದ ಮೇಲೆ ಪದವನ್ನು ಯಾವ ರೂಪಕ್ಕೆ ತರಬೇಕು ಅನ್ನುವುದರಲ್ಲಿ ಇಡೀ ಸಾಧನೆ ನಿಂತಿದೆ.

ಕೆ-ನೇ ಘಾತದ ಪದದಲ್ಲಿ ಮೇಲೆ ಎನ್(ಎನ್−1)(ಎನ್−2)…(ಎನ್−ಕೆ+1) ಇರುತ್ತದೆ, ಕೆಳಗೆ ಕೆ! ಮತ್ತು ಎನ್^ಕೆ ಇರುತ್ತವೆ. ಮೇಲೆ ಕೆ ಅಪವರ್ತನಗಳು, ಕೆಳಗೂ ಕೆ ಎನ್‌ಗಳು. ಒಂದೊಂದು ಅಪವರ್ತನಕ್ಕೆ ಒಂದೊಂದು ಎನ್ ಕೊಟ್ಟು ಭಾಗಿಸಿ. ಆಗ ಪದ ಹೀಗಾಗುತ್ತದೆ:

(1/ಕೆ!) × (1 − 1/ಎನ್) × (1 − 2/ಎನ್) × … × (1 − (ಕೆ−1)/ಎನ್)

ಮೊದಲ ಎರಡು ಪದಗಳು 1 ಮತ್ತು 1. ಮೂರನೆಯದು (1/2)(1 − 1/ಎನ್). ಇದೊಂದನ್ನೇ ಹತ್ತಿರದಿಂದ ನೋಡಿ: ಎನ್ = 3 ಆದರೆ 0.3333, ಎನ್ = 4 ಆದರೆ 0.375, ಎನ್ = 5 ಆದರೆ 0.4. ಏರುತ್ತಿದೆ, ಆದರೆ 0.5 ಮುಟ್ಟುವುದಿಲ್ಲ. ಮುಂದಿನ ಎರಡೂ ಹಂತಗಳ ಗುಟ್ಟು ಇದರಲ್ಲೇ ಇದೆ.

ಎನ್ = 4ಕ್ಕೆ ಪೂರ್ತಿ ಬಿಡಿಸಿದರೆ 1 + 1 + 0.375 + 0.0625 + 0.00390625, ಕೂಡಿದರೆ 2.44140625. ಹಂತ 2ರ ಬೆಲೆಗೆ ತಾಳೆ ಆಗುತ್ತದೆ. ನಿಮ್ಮದು ತಾಳೆ ಆಗದಿದ್ದರೆ ಅಪವರ್ತನಗಳನ್ನು ಎಣಿಸುವಾಗ ತಪ್ಪಿದ್ದೀರಿ. ಕೊನೆಯದು (ಕೆ−1)/ಎನ್, ಕೆ/ಎನ್ ಅಲ್ಲ.

## ಹಂತ 4: ಏರುತ್ತಲೇ ಹೋಗುತ್ತದೆ ಅಂತ ತೋರಿಸಿ

ಎನ್ ಜಾಗದಲ್ಲಿ ಎನ್+1 ಹಾಕಿ. ಏನೇನು ಬದಲಾಗುತ್ತದೆ? 1/ಎನ್ ಕಮ್ಮಿಯಾಗುತ್ತದೆ, ಹಾಗಾಗಿ (1 − 1/ಎನ್), (1 − 2/ಎನ್) ಮುಂತಾದ ಅಪವರ್ತನಗಳೆಲ್ಲ ಜಾಸ್ತಿಯಾಗುತ್ತವೆ. ಅಂದರೆ ಇದ್ದ ಯಾವ ಪದವೂ ಕುಗ್ಗುವುದಿಲ್ಲ. ಜೊತೆಗೆ ಕೊನೆಯಲ್ಲಿ ಹೊಸದೊಂದು ಧನ ಪದ ಸೇರಿಕೊಳ್ಳುತ್ತದೆ. ಆದ್ದರಿಂದ ಎ(ಎನ್) < ಎ(ಎನ್+1).

ಹೊಸ ಪದದ ಮಾತನ್ನು ಬಿಡಬೇಡಿ. ಎನ್ = 1ರಿಂದ 2ಕ್ಕೆ ಹೋಗುವಾಗ ಹಳೆಯ ಎರಡು ಪದಗಳು ಅಲ್ಲಾಡುವುದೇ ಇಲ್ಲ, 2 ಇದ್ದದ್ದು 2.25 ಆಗುವುದು ಹೊಸ 1/4ರಿಂದ ಮಾತ್ರ.

ಇನ್ನೊಂದು ದಾರಿಯೂ ಇದೆ, ನನಗಂತೂ ಇದೇ ಇಷ್ಟ. (1 + 1/ಎನ್) ಅನ್ನು ಎನ್ ಸಲ ತಗೊಳ್ಳಿ, ಪಕ್ಕದಲ್ಲಿ ಒಂದು 1 ಇಡಿ. ಒಟ್ಟು ಎನ್+1 ಸಂಖ್ಯೆಗಳು, ಮೊತ್ತ ಎನ್+2. ಸಮಾಂತರ ಮಾಧ್ಯ 1 + 1/(ಎನ್+1). ಗುಣೋತ್ತರ ಮಾಧ್ಯ (ಎಲ್ಲವನ್ನೂ ಗುಣಿಸಿ ತೆಗೆದ ಮೂಲ), ಎ(ಎನ್)ನ (ಎನ್+1)-ನೇ ಮೂಲ. ಸಂಖ್ಯೆಗಳೆಲ್ಲ ಸಮ ಇಲ್ಲ, ಹಾಗಾಗಿ ಸಮಾಂತರ ಮಾಧ್ಯವೇ ದೊಡ್ಡದು. ಎರಡೂ ಕಡೆ (ಎನ್+1)-ನೇ ಘಾತಕ್ಕೆ ಏರಿಸಿ, ಮುಗಿಯಿತು. ಆದರೆ ಹಂತ 6ಕ್ಕೆ ಹೋಗುವವರಿಗೆ ಹಂತ 3ರ ವಿಸ್ತರಣೆ ಹೇಗೂ ಬೇಕು.

ಎಚ್ಚರಿಕೆ ಒಂದಿದೆ. "ಘಾತ ಏರುತ್ತಿದೆ, ಆದ್ದರಿಂದ ಬೆಲೆ ಏರುತ್ತದೆ" ಅಂತ ಒಂದೇ ಸಾಲು ಬರೆದು ಮುಂದೆ ಹೋಗುವವರಿದ್ದಾರೆ. ಘಾತ ಏರುತ್ತಿರುವಾಗಲೇ ಒಳಗಿನ ಸಂಖ್ಯೆ ಇಳಿಯುತ್ತಿದೆಯಲ್ವಾ? ಯಾವುದು ಗೆಲ್ಲುತ್ತದೆ ಅನ್ನುವುದೇ ಪ್ರಶ್ನೆ, ಅದನ್ನೇ ಉತ್ತರ ಅಂತ ಬರೆಯಬಾರದು.

## ಹಂತ 5: ಮೇಲೊಂದು ಗಡಿ ಹಾಕಿ

ಹಂತ 3ರ ಪ್ರತಿ ಪದದಲ್ಲೂ ಆವರಣಗಳ ಒಳಗಿರುವುದು 1ಕ್ಕಿಂತ ಕಮ್ಮಿ. ಅವನ್ನೆಲ್ಲ ತೆಗೆದು ಹಾಕಿದರೆ ಪದ ದೊಡ್ಡದಾಗುತ್ತದೆ, ಬರೀ 1/ಕೆ! ಉಳಿಯುತ್ತದೆ. 1 + 1 + 1/2! + … + 1/ಎನ್! ಅನ್ನು ಎಸ್(ಎನ್) ಅಂತ ಕರೆಯಿರಿ. ಎ(ಎನ್) ≤ ಎಸ್(ಎನ್) ಸಿಕ್ಕಿತು.

ಈಗ ಕೆ! = 2 × 3 × … × ಕೆ. ಇಲ್ಲಿ ಕೆ−1 ಅಪವರ್ತನಗಳಿವೆ, ಒಂದೊಂದೂ 2 ಅಥವಾ ಅದಕ್ಕಿಂತ ದೊಡ್ಡದು. ಹಾಗಾಗಿ ಕೆ! ≥ 2^(ಕೆ−1). ಅಂದರೆ ಎಸ್(ಎನ್) ≤ 1 + (1 + 1/2 + 1/4 + … + 1/2^(ಎನ್−1)). ಆವರಣದ ಒಳಗಿನ ಗುಣೋತ್ತರ ಶ್ರೇಢಿ 2 ಮುಟ್ಟುವುದಿಲ್ಲ. ಒಟ್ಟು 3ಕ್ಕಿಂತ ಕಮ್ಮಿ.

ಇಲ್ಲಿ ಘಾತ ಕೆ−1 ಅನ್ನುವುದನ್ನು ಮರೆತು ಕೆ! ≥ 2^ಕೆ ಅಂತ ಬರೆದುಬಿಡುತ್ತಾರೆ. 3! ಅಂದರೆ 6, 2^3 ಅಂದರೆ 8. ಅಲ್ಲೇ ಸುಳ್ಳಾಯಿತು.

ಏರುತ್ತಲೇ ಹೋಗುತ್ತದೆ, 3 ದಾಟುವುದಿಲ್ಲ, ಆದ್ದರಿಂದ ಮಿತಿ ಇದೆ. ಅದನ್ನು ಎಲ್ ಅಂತ ಕರೆಯಿರಿ. ಕೆಲವರು ಇಲ್ಲಿ "ಆದ್ದರಿಂದ ಮಿತಿ 3" ಅಂತ ಬರೆದು ಕೂರುತ್ತಾರೆ! ನಮ್ಮ ತುಂಗಭದ್ರಾ ಡ್ಯಾಮಿನ ಪೂರ್ಣ ಮಟ್ಟ 1633 ಅಡಿ. ನೀರು ಏರುತ್ತಲೇ ಇದೆ, ಇಳಿಯುವುದಿಲ್ಲ, 1633 ದಾಟುವುದಿಲ್ಲ ಅಂತಷ್ಟೇ ಗೊತ್ತಿದ್ದರೆ, ಎಲ್ಲೋ ಒಂದು ಮಟ್ಟದ ಹತ್ತಿರ ಅದು ನಿಲ್ಲಲೇಬೇಕು ಅನ್ನಬಹುದು. 1633ಕ್ಕೇ ನಿಲ್ಲುತ್ತದೆ ಅನ್ನಲು ಬರುವುದಿಲ್ಲ, ಆ ವರ್ಷ 1625ಕ್ಕೇ ನಿಂತಿರಬಹುದು. 3 ಅನ್ನುವುದು ಗಡಿ ಮಾತ್ರ.

ಮಿತಿಯನ್ನೇ 'ಇ' ಅಂತ ಹಿಡಿದವರ ಕೆಲಸ ಇಲ್ಲಿಗೆ ಮುಗಿಯಿತು.

## ಹಂತ 6: ಮಿತಿಯೂ ಸರಣಿಯ ಮೊತ್ತವೂ ಒಂದೇ ಅಂತ ತೋರಿಸಿ

ಬೀಳುವವರಲ್ಲಿ ಹೆಚ್ಚಿನವರು ಬೀಳುವುದು ಇಲ್ಲೇ, ಆದ್ದರಿಂದ ನಿಧಾನ.

ಎಸ್(ಎನ್) ಕೂಡ ಏರುತ್ತದೆ, 3ಕ್ಕಿಂತ ಕಮ್ಮಿ ಇದೆ, ಹಾಗಾಗಿ ಅದಕ್ಕೂ ಮಿತಿ ಇದೆ. ಅದೇ ನಮ್ಮ 'ಇ'. ಎ(ಎನ್) ≤ ಎಸ್(ಎನ್) ಆದ್ದರಿಂದ ಎಲ್ ≤ ಇ. ಅರ್ಧ ಕೆಲಸ ಆಯಿತು. ಉಳಿದ ಅರ್ಧ ಎಲ್ ≥ ಇ.

ತಪ್ಪು ದಾರಿಯನ್ನು ಮೊದಲು ನೋಡೋಣ. "ಎನ್ ಅನಂತಕ್ಕೆ ಹೋದರೆ (1 − 1/ಎನ್) ಮುಂತಾದವೆಲ್ಲ 1 ಆಗುತ್ತವೆ, ಕೆ-ನೇ ಪದ 1/ಕೆ! ಆಗುತ್ತದೆ, ಆದ್ದರಿಂದ ಮೊತ್ತ 1 + 1 + 1/2! + …". ಎಷ್ಟೋ ಗೈಡುಗಳಲ್ಲಿ ಇದೇ ಇದೆ. ಉತ್ತರ ಸರಿ ಬರುತ್ತದೆ, ವಾದ ಸರಿ ಇಲ್ಲ. ಯಾಕಂದರೆ ಎನ್ ಬೆಳೆದಂತೆ ಪದಗಳ ಸಂಖ್ಯೆಯೂ ಬೆಳೆಯುತ್ತಿದೆ. 1/ಎನ್ ಅನ್ನು ಎನ್ ಸಲ ಕೂಡಿಸಿ: ಒಂದೊಂದು ಪದವೂ ಸೊನ್ನೆಗೆ ಹೋಗುತ್ತದೆ, ಮೊತ್ತ ಮಾತ್ರ ಯಾವಾಗಲೂ 1. ಪದಪದಕ್ಕೂ ಮಿತಿ ತಗೊಂಡು ಕೂಡಿದ್ದರೆ ಸೊನ್ನೆ ಬರುತ್ತಿತ್ತು.

ಸರಿಯಾದ ದಾರಿಯಲ್ಲಿ ಎಂ ಅನ್ನುವ ಇನ್ನೊಂದು ಸಂಖ್ಯೆ ಬೇಕು, ಅದನ್ನು ಮೊದಲು ಅಲುಗಾಡದಂತೆ ಇಡಬೇಕು.

ಮೊದಲು ಎಂ ಆರಿಸಿ, 3 ಅನ್ನಿ. ಎನ್ ಅದಕ್ಕಿಂತ ದೊಡ್ಡದಿರಲಿ. ಎ(ಎನ್)ನ ವಿಸ್ತರಣೆಯಲ್ಲಿ ಕೆ = 3ರವರೆಗಿನ ಪದಗಳನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡಿ. ಬಿಟ್ಟದ್ದೆಲ್ಲ ಧನ, ಹಾಗಾಗಿ

ಎ(ಎನ್) > 1 + 1 + (1/2)(1 − 1/ಎನ್) + (1/6)(1 − 1/ಎನ್)(1 − 2/ಎನ್)

ಈಗ ಎನ್ ಅನ್ನು ಮಾತ್ರ ಅನಂತಕ್ಕೆ ಕಳಿಸಿ. ಬಲಗಡೆ ನಾಲ್ಕೇ ಪದಗಳಿವೆ, ಬೆಳೆಯುತ್ತಿಲ್ಲ, ಹಾಗಾಗಿ ಪದಪದಕ್ಕೂ ಮಿತಿ ತಗೊಳ್ಳಲು ಅಡ್ಡಿ ಇಲ್ಲ. ಎಲ್ ≥ ಎಸ್(3) ಬಂತು. 3ರ ಬದಲು ಯಾವ ಎಂ ಇಟ್ಟರೂ ಇದೇ ಮಾತು: ಎಲ್ ≥ ಎಸ್(ಎಂ). ಆಮೇಲೆ ಮಾತ್ರ ಎಂ ಅನ್ನು ಅನಂತಕ್ಕೆ ಬಿಡಿ. ಎಲ್ ≥ ಇ. ಮೊದಲಿನ ಅರ್ಧ ಸೇರಿಸಿದರೆ ಎಲ್ = ಇ.

ಅವಸರದಲ್ಲಿ "ಎ(ಎನ್) ≥ ಎಸ್(ಎಂ)" ಅಂತ ಬರೆಯುತ್ತಾರೆ, ಎಲ್ ಬದಲು ಎ(ಎನ್). ಅದು ಸುಳ್ಳು. ಎನ್ = 10 ಹಾಕಿ ನೋಡಿ: ಎ(10) = 2.5937, ಎಸ್(3) = 2.6667. ನಾಲ್ಕು ಪದಗಳ ಬಲಗಡೆ ಆಗ 1 + 1 + 0.45 + 0.12 = 2.57, ಇದಕ್ಕಿಂತ ಎ(10) ದೊಡ್ಡದು, ಸರಿ. ಆದರೆ 2.6667ನ್ನು ಎ(10) ಇನ್ನೂ ಮುಟ್ಟಿಲ್ಲ. ಎನ್ ಅನಂತಕ್ಕೆ ಹೋದ ಮೇಲಷ್ಟೇ ಎಲ್ ≥ ಎಸ್(ಎಂ) ಅನ್ನಬಹುದು.

ಬೆಲೆ ಕಂಡುಹಿಡಿಯಬೇಕಾದರೆ ಸರಣಿಯನ್ನೇ ಬಳಸಿ. ಎಸ್(10) ಆಗಲೇ 2.7182818 ಕೊಡುತ್ತದೆ. ಎ(ಎನ್)ನಲ್ಲಿ ಎನ್ ಹತ್ತು ಲಕ್ಷ ಆದರೂ 2.71828ರ ಮುಂದೆ ಅಂಕಿ ತಪ್ಪಿರುತ್ತದೆ.

## ಹಂತ 7: ಎಕ್ಸ್ ಪೂರ್ಣಾಂಕ ಅಲ್ಲದಿದ್ದರೆ

ಇಲ್ಲಿಯವರೆಗೆ ಎನ್ ಅಂದರೆ 1, 2, 3… ಮಾತ್ರ. ಪ್ರಶ್ನೆಯಲ್ಲಿ (1 + 1/ಎಕ್ಸ್)^ಎಕ್ಸ್ ಇದ್ದು ಎಕ್ಸ್ ವಾಸ್ತವ ಸಂಖ್ಯೆಯಾಗಿದ್ದರೆ ಇಷ್ಟು ಸಾಲದು.

ಎಕ್ಸ್ ಯಾವ ಎರಡು ಪೂರ್ಣಾಂಕಗಳ ನಡುವೆ ಇದೆ ನೋಡಿ: ಎನ್ ≤ ಎಕ್ಸ್ < ಎನ್+1. ಒಳಗಿನದನ್ನೂ ಘಾತವನ್ನೂ ಎರಡೂ ಸಣ್ಣದು ಮಾಡಿದರೆ ಕೆಳಗಿನ ಗಡಿ, ಎರಡೂ ದೊಡ್ಡದು ಮಾಡಿದರೆ ಮೇಲಿನ ಗಡಿ:

(1 + 1/(ಎನ್+1))^ಎನ್ < (1 + 1/ಎಕ್ಸ್)^ಎಕ್ಸ್ < (1 + 1/ಎನ್)^(ಎನ್+1)

ಎಡಗಡೆಯದು ಎ(ಎನ್+1) ಅನ್ನು (1 + 1/(ಎನ್+1))ರಿಂದ ಭಾಗಿಸಿದ್ದು. ಬಲಗಡೆಯದು ಎ(ಎನ್) ಅನ್ನು (1 + 1/ಎನ್)ರಿಂದ ಗುಣಿಸಿದ್ದು. ಭಾಗಿಸಿದ್ದೂ ಗುಣಿಸಿದ್ದೂ 1ಕ್ಕೆ ಹೋಗುತ್ತವೆ, ಹಾಗಾಗಿ ಎರಡು ತುದಿಯೂ 'ಇ'ಗೆ ಹೋಗುತ್ತವೆ. ನಡುವಿನದಕ್ಕೆ ಬೇರೆ ದಾರಿ ಇಲ್ಲ.

ಎಕ್ಸ್ ಋಣ ಅನಂತಕ್ಕೆ ಹೋದರೆ ಎಕ್ಸ್ = −ವೈ ಇಡಿ. (1 − 1/ವೈ)^(−ವೈ) ಅನ್ನು ತಿರುವಿ ಬರೆದರೆ (1 + 1/(ವೈ−1))^ವೈ. ಅದರಿಂದ ಒಂದು ಅಪವರ್ತನ ಹೊರಗೆ ತೆಗೆದರೆ ಉಳಿದದ್ದು ಹಳೆಯ ರೂಪವೇ. ಮತ್ತೆ 'ಇ'.

## ಹಂತ 8: ಲಾಗ್ ದಾರಿ, ಮತ್ತು ಅದರಲ್ಲಿರುವ ಸುಳಿ

ಲಾಗ್ ಅನ್ನು 1/ಟಿಯ ಕೆಳಗಿನ ವಿಸ್ತೀರ್ಣ ಅಂತ ವ್ಯಾಖ್ಯಾನಿಸಿದ್ದರೆ ಕೆಲಸ ನಾಲ್ಕು ಸಾಲಿನದು. 1ರಿಂದ 1 + 1/ಎನ್‌ವರೆಗಿನ ಪಟ್ಟಿಯ ಅಗಲ 1/ಎನ್. ಅದರ ಎತ್ತರ ಎಡತುದಿಯಲ್ಲಿ 1, ಬಲತುದಿಯಲ್ಲಿ ಎನ್/(ಎನ್+1). ಹಾಗಾಗಿ ವಿಸ್ತೀರ್ಣ, ಅಂದರೆ ಲಾಗ್(1 + 1/ಎನ್), 1/(ಎನ್+1) ಮತ್ತು 1/ಎನ್ ನಡುವೆ ಇರುತ್ತದೆ. ಎನ್‌ನಿಂದ ಗುಣಿಸಿ: ಲಾಗ್ ಎ(ಎನ್) ಇರುವುದು ಎನ್/(ಎನ್+1) ಮತ್ತು 1ರ ನಡುವೆ. ಸ್ಯಾಂಡ್‌ವಿಚ್ ಪ್ರಕಾರ ಅದು 1ಕ್ಕೆ ಹೋಗುತ್ತದೆ. ಲಾಗ್‌ನ ವಿಲೋಮ ಕಂಟಿನ್ಯೂಯಸ್ (ಎಲ್ಲೂ ತುಂಡಾಗದ್ದು), ಆದ್ದರಿಂದ ಎ(ಎನ್) 'ಇ'ಗೆ ಹೋಗುತ್ತದೆ.

ಸುಳಿ ಇರುವುದು ಲೋಪಿಟಾಲ್‌ನಲ್ಲಿ. ಲಾಗ್ ತಗೊಂಡು, ಲೋಪಿಟಾಲ್ ಹಾಕಿ, ಎರಡು ಸಾಲಿನಲ್ಲಿ 1 ತರುವುದು ಸುಲಭ. ಆದರೆ ಅದಕ್ಕೆ ಲಾಗ್ ಎಕ್ಸ್‌ನ ಡಿರಿವೇಟಿವ್ 1/ಎಕ್ಸ್ ಅನ್ನುವುದು ಬೇಕು. ನಿಮ್ಮ ಪುಸ್ತಕ ಅದನ್ನು ಹೇಗೆ ಸಾಧಿಸಿದೆ ಅಂತ ಪುಟ ತಿರುವಿ ನೋಡಿ. (1 + 1/ಎನ್)^ಎನ್‌ನ ಮಿತಿ 'ಇ' ಅನ್ನುವುದನ್ನೇ ಬಳಸಿ ಸಾಧಿಸಿದ್ದರೆ ನೀವು ಸುಮ್ನೆ ಸುತ್ತು ಹೊಡೆದಿದ್ದೀರಿ. ವಿಸ್ತೀರ್ಣದಿಂದ ಬಂದಿದ್ದರೆ ತೊಂದರೆ ಇಲ್ಲ. ಬೆಲೆ ಕಂಡುಹಿಡಿಯಿರಿ ಅನ್ನುವ ಎರಡು ಅಂಕದ ಪ್ರಶ್ನೆಗೆ ಲೋಪಿಟಾಲ್ ನಡೆಯುತ್ತದೆ. ಸಾಧಿಸಿ ಅಂದರೆ ಅದರ ಹತ್ತಿರ ಹೋಗಬೇಡಿ.

## ಇದೇ ಜಾತಿಯ ಪ್ರಶ್ನೆಗಳು ಬಂದರೆ

(1 + 2/ಎನ್)^ಎನ್: ಎಕ್ಸ್ = ಎನ್/2 ಇಟ್ಟರೆ ಇದು (1 + 1/ಎಕ್ಸ್)^ಎಕ್ಸ್‌ನ ವರ್ಗ, ಉತ್ತರ ಇ^2. ಎನ್ ಬೆಸ ಆದರೆ ಎಕ್ಸ್ ಪೂರ್ಣಾಂಕ ಅಲ್ಲ, ಹಾಗಾಗಿ ಹಂತ 7 ಇಲ್ಲದೆ ಈ ಉತ್ತರ ಪೂರ್ತಿ ಆಗುವುದಿಲ್ಲ.

(1 − 1/ಎನ್)^ಎನ್: ಹಂತ 7ರ ಋಣ ಭಾಗದಿಂದ ನೇರ 1/ಇ.

(1 + 1/ಎನ್)^(ಎನ್^2): ಇದು ಎ(ಎನ್)ನ ಎನ್-ನೇ ಘಾತ. ಎ(ಎನ್) ಯಾವತ್ತೂ 2ಕ್ಕಿಂತ ಕಮ್ಮಿ ಇಲ್ಲ, ಹಾಗಾಗಿ ಇದು 2^ಎನ್ ಅಥವಾ ಅದಕ್ಕಿಂತ ದೊಡ್ಡದು. ಅನಂತಕ್ಕೆ ಹೋಗುತ್ತದೆ, ಮಿತಿ ಇಲ್ಲ.

(1 + 1/ಎನ್^2)^ಎನ್: ಇದನ್ನು ಎ(ಎನ್^2)ನ ಎನ್-ನೇ ಮೂಲ ಅಂತ ಓದಿ. ಎ(ಎನ್^2) 2 ಮತ್ತು 3ರ ನಡುವೆ ಇದೆ. 2ರ ಎನ್-ನೇ ಮೂಲವೂ 3ರ ಎನ್-ನೇ ಮೂಲವೂ 1ಕ್ಕೆ ಹೋಗುತ್ತವೆ, ಆದ್ದರಿಂದ ಮಿತಿ 1. ಇಲ್ಲಿ 'ಇ'ಯ ಬೆಲೆ ಬೇಕಾಗಲೇ ಇಲ್ಲ, ಹಂತ 4 ಮತ್ತು 5ರಲ್ಲಿ ಸಿಕ್ಕ 2 ಮತ್ತು 3 ಸಾಕಾದವು.